ಕರ್ನಾಟಕದಲ್ಲಿ ಆನ್‌ಲೈನ್ ಖರೀದಿ

ಅಂತರ್ಜಾಲದ ತಾಣದಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಸರಕನ್ನು ಆರಿಸಿ ಮನೆ ಬಾಗಿಲಿಗೆ ತರಿಸಿಕೊಳ್ಳುವ ವ್ಯಾಪಾರ ಭಾರತದಲ್ಲಿ ಬೇರೂರಿದ್ದು ಬಹುಮಟ್ಟಿಗೆ ಬೆಂಗಳೂರಿನಿಂದ. ಫ್ಯಾಬ್‌ಮಾರ್ಟ್, ಫ್ಲಿಪ್‌ಕಾರ್ಟ್, ಮಿಂತ್ರಾ, ಬಿಗ್‌ಬಾಸ್ಕೆಟ್, ಮೀಶೋ ಇಲ್ಲೇ ಹುಟ್ಟಿದವು. ಅಮೆಜಾನ್ ತನ್ನ ಭಾರತದ ವಹಿವಾಟನ್ನು ನಡೆಸುವುದೂ ಇಲ್ಲಿಂದಲೇ. ಆದರೆ ಕಂಪನಿಗಳ ಏಳುಬೀಳನ್ನಷ್ಟೇ ಬರೆದರೆ ಈ ಇತಿಹಾಸದ ಅರ್ಧ ಭಾಗ ಬಿಟ್ಟುಹೋಗುತ್ತದೆ. ಸರಕು ಕೈಗೆ ಬಂದ ಮೇಲೆ ದುಡ್ಡು ಕೊಡುವುದು, ಗೊತ್ತಿದ್ದವರು ಹೇಳಿದರೆ ಕೊಳ್ಳುವುದು, ದೊಡ್ಡ ಖರೀದಿಯನ್ನು ಹಬ್ಬಕ್ಕೆಂದು ಮುಂದೂಡುವುದು ಇಲ್ಲಿನ ಜನರ ಹಳೆಯ ರೂಢಿಗಳು. ಈ ರೂಢಿಗಳಿಗೆ ಹೊಂದಿಕೊಂಡ ಕಂಪನಿಗಳು ಬೆಳೆದವು.

ಅಂಚೆಯ ಕಾಲ

ದೂರದ ವ್ಯಾಪಾರಿಯಿಂದ ಸರಕು ತರಿಸುವುದು ಕನ್ನಡಿಗರಿಗೆ ಹೊಸದಾಗಿರಲಿಲ್ಲ. ಅಂಚೆ ಇಲಾಖೆ 1877ರಲ್ಲಿ ವಿ.ಪಿ.ಪಿ. ಪದ್ಧತಿಯನ್ನು ತಂದಿತು. ಕಾಗದ ಬರೆದರೆ ಪಾರ್ಸೆಲ್ ಬರುತ್ತಿತ್ತು, ದುಡ್ಡನ್ನು ಅಂಚೆಯವರ ಕೈಗೆ ಕೊಟ್ಟು ಬಿಡಿಸಿಕೊಳ್ಳಬೇಕಿತ್ತು. ಪುಸ್ತಕ, ಔಷಧಿ, ಗಡಿಯಾರಗಳ ಜಾಹೀರಾತುಗಳ ಕೆಳಗೆ ‘ವಿ.ಪಿ.ಪಿ. ಮೂಲಕ ಕಳಿಸಲಾಗುವುದು’ ಎಂಬ ಸಾಲು ದಶಕಗಳ ಕಾಲ ಇರುತ್ತಿತ್ತು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಕೊಂಡೇ ನಡೆಯಿತು. ಅಂಗಡಿಯ ಮುಖ ನೋಡದೆ ಪುಸ್ತಕ ಕೊಳ್ಳುವ ಓದುಗ ಬಳಗವೊಂದು ಹೀಗೆ ಬೆಳೆದಿತ್ತು. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡ್ ಕೂಡ ಅಂಚೆಯ ಕೊಡುಗೆಯೇ. ಒಂದು ಊರಿಗೆ ಸರಕು ತಲುಪಿಸಲು ಆಗುತ್ತದೋ ಇಲ್ಲವೋ ಎಂಬುದನ್ನು ಇಂದಿಗೂ ಆ್ಯಪ್‌ಗಳು ಲೆಕ್ಕ ಹಾಕುವುದು ಈ ಆರು ಅಂಕಿಗಳಿಂದ.

ಮೊದಲ ತಾಣಗಳು

1999ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಫ್ಯಾಬ್‌ಮಾರ್ಟ್ ದೇಶದ ಮೊದಮೊದಲ ಆನ್‌ಲೈನ್ ಅಂಗಡಿಗಳಲ್ಲೊಂದು. ವಿ.ಎಸ್. ಸುಧಾಕರ್, ಹರಿ ಮೆನನ್, ಕೆ. ವೈತೀಶ್ವರನ್ ಮತ್ತು ಗೆಳೆಯರು ಹಾಡಿನ ಕ್ಯಾಸೆಟ್, ಸಿ.ಡಿ.ಗಳಿಂದ ಆರಂಭಿಸಿ ಪುಸ್ತಕ, ದಿನಸಿಗಳವರೆಗೆ ಹೋದರು. ಆಗ ಇಂಟರ್ನೆಟ್ ಎಂದರೆ ಟೆಲಿಫೋನ್ ತಂತಿಯ ಡಯಲ್-ಅಪ್, ಇಲ್ಲವೇ ಗಂಟೆಗಿಷ್ಟು ಎಂದು ದುಡ್ಡು ತೆರುವ ಸೈಬರ್ ಕೆಫೆ. ಕ್ರೆಡಿಟ್ ಕಾರ್ಡ್ ಇದ್ದವರು ವಿರಳ. ವ್ಯಾಪಾರ ಸಾಲದಾದಾಗ ಸಂಸ್ಥೆ ಫ್ಯಾಬ್‌ಮಾಲ್ ಹೆಸರಿನಲ್ಲಿ ಬೀದಿಯ ಅಂಗಡಿಗಳನ್ನೇ ತೆರೆಯಿತು. ಅವು ಆಮೇಲೆ ಆದಿತ್ಯ ಬಿರ್ಲಾ ಸಮೂಹದ ಕೈಸೇರಿ ‘ಮೋರ್’ ಆದವು. ಆನ್‌ಲೈನ್ ಭಾಗ ಇಂಡಿಯಾಪ್ಲಾಜಾ ಎಂಬ ಹೆಸರಿನಲ್ಲಿ ಮುಂದುವರಿದು 2013ರಲ್ಲಿ ಮುಚ್ಚಿತು. ಅದೇ ಗುಂಪಿನ ಹಲವರು 2011ರಲ್ಲಿ ಬಿಗ್‌ಬಾಸ್ಕೆಟ್ ಕಟ್ಟಿ ಗೆದ್ದರು. ಹನ್ನೆರಡು ವರ್ಷಗಳಲ್ಲಿ ಬದಲಾದದ್ದು ಅವರ ಯೋಚನೆಗಿಂತ ಹೆಚ್ಚಾಗಿ ಗಿರಾಕಿಯ ಕೈಯಲ್ಲಿದ್ದ ಫೋನು.

2002ರಲ್ಲಿ ರೈಲು ಟಿಕೆಟ್ ಆನ್‌ಲೈನಿಗೆ ಬಂದದ್ದನ್ನು ಇಲ್ಲಿ ಮರೆಯುವಂತಿಲ್ಲ. ಪರದೆಯ ಮೇಲೆ ಕಾರ್ಡಿನ ಸಂಖ್ಯೆ ಒತ್ತುವ ಧೈರ್ಯವನ್ನು ಎಷ್ಟೋ ಮಧ್ಯಮ ವರ್ಗದ ಮನೆಗಳಿಗೆ ಕಲಿಸಿದ್ದು ಯಾವ ಅಂಗಡಿಯೂ ಅಲ್ಲ, ರೈಲ್ವೆ.

ಫ್ಲಿಪ್‌ಕಾರ್ಟ್ ಮತ್ತು ಕೈಗೆ ಬಂದ ಮೇಲೆ ಕಾಸು

ಅಮೆಜಾನ್‌ನಲ್ಲಿ ಕೆಲಸ ಮಾಡಿದ್ದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ರ ಅಕ್ಟೋಬರಿನಲ್ಲಿ ಕೋರಮಂಗಲದ ಮನೆಯೊಂದರಿಂದ ಪುಸ್ತಕ ಮಾರಲು ತೊಡಗಿದರು. ಮೊದಲ ಬೇಡಿಕೆ ಬಂದದ್ದು ಆಂಧ್ರಪ್ರದೇಶದಲ್ಲಿದ್ದ ಮಹಬೂಬ್‌ನಗರದಿಂದ. ಒಳ್ಳೆಯ ಪುಸ್ತಕದಂಗಡಿಯಿಲ್ಲದ ಊರಿನ ಹಸಿವನ್ನು ಆ ಮೊದಲ ದಿನಗಳೇ ತೋರಿಸಿದವು. ಅದೇ ವರ್ಷ ಉಡುಗೊರೆ ಸಾಮಾನುಗಳೊಂದಿಗೆ ಹುಟ್ಟಿದ ಮಿಂತ್ರಾ ಮುಂದೆ ಬಟ್ಟೆಬರೆಗೆ ತಿರುಗಿ, 2014ರಲ್ಲಿ ಫ್ಲಿಪ್‌ಕಾರ್ಟಿನ ಪಾಲಾಯಿತು.

2010ರಲ್ಲಿ ಫ್ಲಿಪ್‌ಕಾರ್ಟ್ ಜಾರಿಗೆ ತಂದ ‘ಕ್ಯಾಶ್ ಆನ್ ಡೆಲಿವರಿ’ ಈ ಇತಿಹಾಸದ ಮುಖ್ಯ ತಿರುವು. ಅದು ಮಾಡಿದ್ದು ವಿ.ಪಿ.ಪಿ.ಯನ್ನು ಹೊಸ ಕಾಲಕ್ಕೆ ಕರೆತಂದದ್ದು. ನಮ್ಮ ಕೊಳ್ಳುಗರ ಎಚ್ಚರಿಕೆಯನ್ನು ಹಿಂದುಳಿದಿರುವಿಕೆ ಎಂದು ಎಣಿಸುವುದು ತಪ್ಪು. ಸೀರೆಯ ಸೆರಗು ಮುಟ್ಟಿ, ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ, ಬೆಲೆಗೆ ಚೌಕಾಸಿ ಮಾಡಿ ಕೊಳ್ಳುವವರಿಗೆ, ತಿಂಗಳ ಸಾಮಾನನ್ನು ಉದ್ರಿ ತರುವಷ್ಟು ಅಂಗಡಿಯವರ ಸಲಿಗೆ ಇದ್ದವರಿಗೆ, ಕಾಣದ ವ್ಯಾಪಾರಿಗೆ ಮುಂಗಡ ಕೊಡಬೇಕಾದ ಕಾರಣವೇನೂ ಇರಲಿಲ್ಲ. ಮುಟ್ಟಿ ನೋಡುವ ಅವಕಾಶದ ಬದಲಿಗೆ ಹಿಂತಿರುಗಿಸುವ ಹಕ್ಕು, ಸಲಿಗೆಯ ಬದಲಿಗೆ ಬಾಗಿಲಲ್ಲಿ ಪಾವತಿ ಸಿಕ್ಕಾಗ ನಂಬಿಕೆ ಹುಟ್ಟಿತು. ವ್ಯಾಪಾರಿಗೆ ಇದರ ಖರ್ಚು ದೊಡ್ಡದು: ಬೇಡವೆಂದ ಪಾರ್ಸೆಲ್ ಬಂದ ದಾರಿಯಲ್ಲೇ ವಾಪಸು ಹೋಗಬೇಕು.

ವಿಳಾಸದ ತೊಡಕೂ ಇತ್ತು. ‘ಬಸ್‌ಸ್ಟ್ಯಾಂಡ್ ಹಿಂದೆ’, ‘ಆಂಜನೇಯನ ಗುಡಿ ಎದುರು’ ಎಂಬ ಗುರುತುಗಳ ಮೇಲೆ ನಡೆಯುವ ಊರುಗಳಲ್ಲಿ ಫೋನ್ ಮಾಡದೆ ಮನೆ ಸಿಗದು. ತೋಟದ ನಡುವೆ ಒಂಟಿ ಮನೆಗಳಿರುವ ಮಲೆನಾಡಿನಲ್ಲಿ ಪೇಟೆಯ ಪರಿಚಯದ ಅಂಗಡಿಗೆ ಪಾರ್ಸೆಲ್ ಇಳಿಸಿ, ಪೇಟೆಗೆ ಬಂದಾಗ ಒಯ್ಯುವ ಏರ್ಪಾಡು ಬೆಳೆಯಿತು. ಆನ್‌ಲೈನ್ ವ್ಯಾಪಾರಕ್ಕೂ ಕೊನೆಯ ಮೈಲಿಯಲ್ಲಿ ಒಬ್ಬ ಅಂಗಡಿಕಾರ ಬೇಕಾದ.

ಹಬ್ಬ, ತೆರಿಗೆ, ಪೈಪೋಟಿ

ಅಮೆಜಾನ್ 2013ರ ಜೂನ್ 5ರಂದು ಭಾರತದ ತಾಣ ತೆರೆಯಿತು. ಮರುವರ್ಷ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ‘ಬಿಗ್ ಬಿಲಿಯನ್ ಡೇ’ ನಡೆಸಿತು. ಜನ ಮುಗಿಬಿದ್ದು ತಾಣ ಕುಸಿಯಿತು, ಸ್ಥಾಪಕರು ಗ್ರಾಹಕರ ಕ್ಷಮೆ ಕೇಳಿದರು. ಆದರೂ ದಸರಾ-ದೀಪಾವಳಿಯ ಹೊತ್ತಿಗೆ ರಿಯಾಯಿತಿ ಮಾರಾಟ ಅಂದಿನಿಂದ ವಾಡಿಕೆಯಾಯಿತು. ಶುಭಕಾರ್ಯಗಳಿಲ್ಲದ ಆಷಾಢದಲ್ಲಿ ಬಟ್ಟೆ ಅಂಗಡಿಗಳು ದರ ಇಳಿಸಿ ಗಿರಾಕಿಗಳನ್ನು ಕರೆಯುವುದು ಕರ್ನಾಟಕದ ಹಳೆಯ ಪದ್ಧತಿ. ಪಂಚಾಂಗ ನೋಡಿ ವ್ಯಾಪಾರ ಮಾಡುವುದನ್ನು ಕಂಪನಿಗಳು ಹೊಸದಾಗಿ ಕಂಡುಹಿಡಿಯಲಿಲ್ಲ.

2014ರಲ್ಲೇ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಗೂ ಅಮೆಜಾನಿಗೂ ವ್ಯಾಜ್ಯ ಎದ್ದಿತು. ಅಮೆಜಾನಿನ ಗೋದಾಮನ್ನೇ ತಮ್ಮ ವ್ಯಾಪಾರದ ಸ್ಥಳವೆಂದು ತೋರಿಸಿದ ಮಾರಾಟಗಾರರ ನೋಂದಣಿಯನ್ನು ಇಲಾಖೆ ಪ್ರಶ್ನಿಸಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದು ಇಂಥ ವ್ಯಾಜ್ಯಗಳ ಚಹರೆಯೇ ಬದಲಾಯಿತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ ಶೇ 77ರಷ್ಟು ಪಾಲು ಕೊಂಡಿತು.

ಕನ್ನಡದ ಬರವು

ಬೆಂಗಳೂರಿನಲ್ಲಿ ಹುಟ್ಟಿದ ಅಂಗಡಿ ಕನ್ನಡದಲ್ಲಿ ಮಾತಾಡಲು ಹದಿಮೂರು ವರ್ಷ ಹಿಡಿಯಿತು. ಫ್ಲಿಪ್‌ಕಾರ್ಟ್ 2019ರಲ್ಲಿ ಹಿಂದಿಯನ್ನೂ 2020ರ ಜೂನ್‌ನಲ್ಲಿ ತಮಿಳು, ತೆಲುಗುಗಳೊಂದಿಗೆ ಕನ್ನಡವನ್ನೂ ಅಳವಡಿಸಿತು. ಅಮೆಜಾನ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಿಂಬಾಲಿಸಿತು. ಇಷ್ಟು ತಡವಾದದ್ದು ವಿಷಾದದ ಸಂಗತಿ. ಬೆಲೆ, ಅವಧಿ, ಹಿಂತಿರುಗಿಸುವ ಷರತ್ತು ಇವು ಗ್ರಾಹಕನ ಹಕ್ಕಿಗೆ ಸೇರಿದ ಮಾತುಗಳು. ಓದಲು ಬಾರದ ಭಾಷೆಯಲ್ಲಿದ್ದರೆ ಹಕ್ಕು ಇದ್ದೂ ಇಲ್ಲದಂತೆ. ಗ್ರಾಹಕ ಸೇವೆ ಕನ್ನಡದಲ್ಲಿ ಬೇಕೆಂದು ಬನವಾಸಿ ಬಳಗದಂಥ ಸಂಘಟನೆಗಳು ಇದಕ್ಕೂ ಬಹಳ ಮೊದಲಿನಿಂದ ಒತ್ತಾಯಿಸುತ್ತಿದ್ದವು. 2021ರಲ್ಲಿ ಅಮೆಜಾನಿನ ಕೆನಡಾ ತಾಣದಲ್ಲಿ ಕನ್ನಡ ಬಾವುಟದ ಬಣ್ಣಗಳನ್ನು ಒಳಉಡುಪಿನಂಥ ಬಟ್ಟೆಯ ಮೇಲೆ ಬಳಸಿದ್ದು ಕಂಡಾಗ ರಾಜ್ಯ ಸರ್ಕಾರವೇ ಆಕ್ಷೇಪಿಸಿತು.

ಪುಸ್ತಕಲೋಕ ಕಾಯಲಿಲ್ಲ. ಟೋಟಲ್ ಕನ್ನಡ, ಸಪ್ನ, ನವಕರ್ನಾಟಕಗಳು ತಮ್ಮ ತಾಣಗಳಿಂದ ಪುಸ್ತಕ ಕಳಿಸಿದವು. ಮೈಲ್ಯಾಂಗ್ ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳಿಗೆ ನೆಲೆಯಾಯಿತು. ಹೊರನಾಡಿನ, ಹೊರದೇಶದ ಕನ್ನಡಿಗರಿಗೆ ಇದರಿಂದಾದ ಉಪಕಾರ ದೊಡ್ಡದು.

ಪರಿಚಯದ ವ್ಯಾಪಾರ

2015ರಲ್ಲಿ ವಿದಿತ್ ಆತ್ರೇ ಮತ್ತು ಸಂಜೀವ್ ಬರ್ನ್‌ವಾಲ್ ಆರಂಭಿಸಿದ ಮೀಶೋ, ವಾಟ್ಸ್‌ಆ್ಯಪ್‌ನಲ್ಲಿ ನೆಂಟರಿಷ್ಟರಿಗೆ ಸೀರೆ, ಚೂಡಿದಾರದ ಚಿತ್ರ ಕಳಿಸಿ ಮಾರುವ ಗೃಹಿಣಿಯರ ಮೇಲೆ ಬೆಳೆಯಿತು. ಮನೆಮನೆಗೆ ಗಂಟು ಹೊತ್ತು ಬರುತ್ತಿದ್ದ ಸೀರೆಯವರ ಕಸುಬಿಗೆ ಇದು ಹತ್ತಿರ. ಇಳಕಲ್ ಸೀರೆ, ಗುಳೇದಗುಡ್ಡದ ಖಣವನ್ನು ವಾಟ್ಸ್‌ಆ್ಯಪ್ ಮೂಲಕ ತೋರಿಸಿ ಮಾರುವವರೂ ಹೆಚ್ಚಿದರು. ಸರ್ಕಾರದ ಕಡೆಯಿಂದ ಮಾವು ಅಭಿವೃದ್ಧಿ ನಿಗಮದ ಕರ್ಸಿರಿ ತಾಣ ಬೆಳೆಗಾರರ ಮಾವನ್ನು ಅಂಚೆಯ ಮೂಲಕ ಬೆಂಗಳೂರಿನ ಮನೆಗಳಿಗೆ ಮುಟ್ಟಿಸುತ್ತಿದೆ.

2020ರ ಲಾಕ್‌ಡೌನ್ ತರಕಾರಿ, ಹಾಲನ್ನೂ ಆ್ಯಪಿಗೆ ತಂದಿತು. ಆ ವರ್ಷ ಬಂದ ಸ್ವಿಗ್ಗಿ ಇನ್‌ಸ್ಟಾಮಾರ್ಟ್ ಮತ್ತು ಅದರಂಥವು ನಿಮಿಷಗಳ ಲೆಕ್ಕದಲ್ಲಿ ದಿನಸಿ ಮುಟ್ಟಿಸಲು ಪೈಪೋಟಿಗಿಳಿದವು. ಆ ವೇಗದ ಭಾರವನ್ನು ಹೊತ್ತವರು ಬೈಕಿನ ಮೇಲಿನ ಡೆಲಿವರಿ ಹುಡುಗರು. ಕರ್ನಾಟಕ 2025ರಲ್ಲಿ ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ಮಾಡಿತು. ಅದರಂತೆ ಕಾರ್ಮಿಕರ ಕಲ್ಯಾಣ ಮಂಡಳಿಯ ನಿಧಿಗೆ ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಶೇ 1ರಿಂದ 5ರಷ್ಟನ್ನು ಕಟ್ಟಬೇಕು.