ಗೂಡಿನಿಂದ ಜಾರಿದ ಮರಿಗೆ ಊರಿನ ಆಸರೆ
ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆ ಪಕ್ಕದ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಈ ಊರನ್ನು ಹೊರಜಗತ್ತಿಗೆ ಪರಿಚಯಿಸುವ ಹೊತ್ತಿಗೇ ಈ ನಂಟು ಹಳೆಯದಾಗಿತ್ತು. ಹಕ್ಕಿಗಳೆಂದರೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂಬ ಭಾವ ಊರವರದು. ಹಿಕ್ಕೆಯ ಗೊಬ್ಬರದ ಆಸೆಗೆ ಉಳಿಸಿಕೊಂಡರು ಎನ್ನುವವರಿದ್ದಾರೆ. ಗೊಬ್ಬರದ ಲಾಭ ನಿಜ. ಅದೇ ಹಿಕ್ಕೆಯಿಂದ ಹುಣಸೆ ಫಸಲು ಕೆಡುವುದೂ ಅಷ್ಟೇ ನಿಜ. ಬರೀ ಲೆಕ್ಕಾಚಾರವಾಗಿದ್ದರೆ ಎಷ್ಟೋ ಮರಗಳು ಎಂದೋ ಸೌದೆಯಾಗುತ್ತಿದ್ದವು.

1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಒಡನಾಟದಲ್ಲಿ ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳಿಗೆ ಬೇಲಿ ಹಾಕಿದ ಆವರಣವೊಂದು ಸಿದ್ಧವಾಯಿತು. ಬಿದ್ದದ್ದು ಸಾಯಲಿ, ಅದೇ ಪ್ರಕೃತಿ ನಿಯಮ ಎಂಬ ಆಕ್ಷೇಪ ದಟ್ಟ ಕಾಡಿನಲ್ಲಿ ಒಪ್ಪಬಹುದಾದದ್ದು. ಇಲ್ಲಿ ಕೆಳಗೆ ಕಾದಿರುವುದು ಬೀದಿನಾಯಿ, ಮೇಲೆ ಕಡಿಮೆಯಾಗಿರುವುದು ಮರ. ಎರಡೂ ಮನುಷ್ಯನ ಕೈವಾಡ. ಆದ್ದರಿಂದ ಹೊಣೆಯೂ ಅವನದೇ. ಆದರೆ ಆ ಹೊಣೆ ಮರಿಯನ್ನು ಮನೆಯದಾಗಿಸಿಕೊಳ್ಳುವ ಹಕ್ಕಲ್ಲ. ಕಾಡುಜೀವಿಯನ್ನು ಸಾಕಿಕೊಳ್ಳುವುದನ್ನು 1972ರ ವನ್ಯಜೀವಿ ಕಾಯ್ದೆಯೂ ಒಪ್ಪುವುದಿಲ್ಲ. ಆವರಣದ ಮರಿ ಕೊಟ್ಟ ಮೀನನ್ನು ಇಡಿಯಾಗಿ ನುಂಗುತ್ತದೆ, ರೆಕ್ಕೆ ಬಡಿದು ಬಲ ನೋಡಿಕೊಳ್ಳುತ್ತದೆ, ಒಂದು ದಿನ ಬೇಲಿ ದಾಟಿ ಹಾರಿಹೋಗುತ್ತದೆ.