ಲಾಸ್ ಏಂಜಲೀಸಿನ ಹೊಗೆಯ ಲೆಕ್ಕ: ಒಂದು ಆಕರ ವಿಮರ್ಶೆ

ಹೊಗೆಯನ್ನು ಇಷ್ಟು ತಗ್ಗಿಸಿದರೆ ನಗರದ ವಾಯು ಎಷ್ಟು ಶುದ್ಧವಾದೀತೆಂಬುದನ್ನು ಗಣಿತದಿಂದ ಮುಂಗಂಡು ಹೇಳುವ ಪ್ರಯತ್ನಗಳ ಚರಿತ್ರೆ ವಿಜ್ಞಾನಿಗಳಿಗೇ ಸೇರಿದುದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಆ ಗಣಿತಕ್ಕೆ ಆಧಾರವಾದ ಹೊಗೆಯ ಪಟ್ಟಿಗಳು ಚಾರಿತ್ರಿಕ ದಾಖಲೆಗಳೇ ಆಗಿರುವುದರಿಂದ, ಅವುಗಳ ವಿಮರ್ಶೆ ನಮ್ಮ ಶಾಸ್ತ್ರಕ್ಕೂ ಸೇರಿದುದೆಂದು ನಾವು ಭಾವಿಸುತ್ತೇವೆ. ಲಾಸ್ ಏಂಜಲೀಸ್ ನಗರದ ಅನುಭವ ಇದಕ್ಕೆ ನಿದರ್ಶನ.

1943ರ ಜುಲೈ ತಿಂಗಳಿನಲ್ಲಿ ಕಣ್ಣುರಿಸುವ ಮಬ್ಬೊಂದು ಆ ನಗರವನ್ನು ಕವಿಯಿತು. ಅಲಿಸೊ ಬೀದಿಯ ಬ್ಯೂಟಡೈಯೀನ್ ಕಾರ್ಖಾನೆಯೇ ಇದಕ್ಕೆ ಕಾರಣವೆಂದು ಜನ ದೂರಿದರು. ಕಾರ್ಖಾನೆಯನ್ನು ಕೆಲಕಾಲ ಮುಚ್ಚಿದರೂ ಮಬ್ಬು ಹೋಗಲಿಲ್ಲ. ಮೋಟಾರು ವಾಹನಗಳೂ ತೈಲ ಶುದ್ಧೀಕರಣಾಗಾರಗಳೂ ಹೊರಬಿಡುವ ಹೈಡ್ರೋಕಾರ್ಬನ್ನುಗಳು ನೈಟ್ರೋಜನ್ ಆಕ್ಸೈಡುಗಳೊಡನೆ ಬಿಸಿಲಿನಲ್ಲಿ ವರ್ತಿಸಿ ಓಜೋನ್ ಉಂಟಾಗುತ್ತದೆಂಬುದನ್ನು ಡಚ್ ಮೂಲದ ರಸಾಯನಜ್ಞ ಹಾಗನ್ ಸ್ಮಿಟ್ ಅವರು 1952ರಲ್ಲಿ ವಿವರಿಸಿದರು.

ಮೊದಲ ಲೆಕ್ಕಾಚಾರಗಳು ತೀರ ಸರಳವಾಗಿದ್ದವು: ಹೊಗೆ ಅರ್ಧವಾದರೆ ಮಾಲಿನ್ಯವೂ ಅರ್ಧ. ಇಂಗಾಲದ ಮಾನಾಕ್ಸೈಡಿಗೆ ಈ ಸೂತ್ರ ಬಹುಮಟ್ಟಿಗೆ ಒಪ್ಪುತ್ತದೆ, ಓಜೋನಿಗೆ ಒಪ್ಪದು. ವಾಹನದಿಂದ ಆಗತಾನೆ ಹೊರಟ ನೈಟ್ರಿಕ್ ಆಕ್ಸೈಡು ಓಜೋನನ್ನೇ ನುಂಗಿಬಿಡುತ್ತದೆ. ಲಾರಿಗಳ ಸಂಚಾರ ಕಡಿಮೆಯಾಗುವ ಶನಿವಾರ, ಭಾನುವಾರಗಳಂದು ಅಲ್ಲಿ ಓಜೋನ್ ಎಷ್ಟೋ ವೇಳೆ ಹೆಚ್ಚಿದುದಕ್ಕೆ ಇದೇ ಮುಖ್ಯ ಕಾರಣ. 1970ರ ದಶಕದಲ್ಲಿ ನಗರದ ವಾಯುಮಂಡಲವನ್ನು ಚೌಕಗಳಾಗಿ ವಿಭಾಗಿಸಿ, ಗಾಳಿಯ ಚಲನೆಯನ್ನೂ ರಾಸಾಯನಿಕ ಕ್ರಿಯೆಯನ್ನೂ ಒಟ್ಟಿಗೆ ಗಣಿಸುವ ಮಾದರಿಗಳು ಬಂದವು.

ಗಣಿತವು ಹೀಗೆ ಸೂಕ್ಷ್ಮವಾದರೂ ಪಟ್ಟಿಯ ಪರೀಕ್ಷೆ ಹಿಂದುಳಿಯಿತು. 1987ರಲ್ಲಿ ವ್ಯಾನ್ ನೈಸ್ ವಿಮಾನ ನಿಲ್ದಾಣದ ಅಡಿಯ ರಸ್ತೆ ಸುರಂಗದಲ್ಲಿ ಹಾದುಹೋಗುವ ವಾಹನಗಳ ಹೊಗೆಯನ್ನು ಅಳೆದು ನೋಡಲಾಯಿತು. ಇಂಗಾಲದ ಮಾನಾಕ್ಸೈಡು ಲೆಕ್ಕದಲ್ಲಿದ್ದುದರ ಸುಮಾರು ಮೂರರಷ್ಟು, ಹೈಡ್ರೋಕಾರ್ಬನ್ನು ಸುಮಾರು ನಾಲ್ಕರಷ್ಟು ಇದ್ದಿತು! ಪರೀಕ್ಷಾಗಾರದಲ್ಲಿ ನಿಲ್ಲಿಸಿ ಅಳೆದ ವಾಹನವೇ ಬೇರೆ, ಕೆಟ್ಟು ಸವೆದು ಬೀದಿಯಲ್ಲಿ ಓಡುವ ವಾಹನವೇ ಬೇರೆ. ಶಾನುಭೋಗರ ಕಡತದಲ್ಲಿ ಸಾಗುವಳಿಯೆಂದು ಬರೆದ ಹೊಲ ಬೀಳು ಬಿದ್ದಿರುವುದನ್ನು ಕಂಡವರಿಗೆ ಇದು ಅಚ್ಚರಿಯ ಸಂಗತಿಯಲ್ಲ.

ಪರಿಣಾಮ ಮಾತ್ರ ಲಘುವಾಗಿರಲಿಲ್ಲ. ಓಜೋನಿಗಾಗಿ ಸುಮಾರು ಎರಡು ದಶಕಗಳ ಕಾಲ ಪ್ರಧಾನವಾಗಿ ಹೈಡ್ರೋಕಾರ್ಬನ್ನನ್ನೇ ಹಿಡಿದು ನಡೆದಿದ್ದ ಅಮೆರಿಕದ ನೀತಿಯನ್ನು ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯೊಂದು 1991ರಲ್ಲಿ ವಿಮರ್ಶಿಸಿ, ಪಟ್ಟಿಗಳಲ್ಲಿ ಹೈಡ್ರೋಕಾರ್ಬನ್ನಿನ ಪ್ರಮಾಣ ಬಹಳ ಕಡಿಮೆಯಾಗಿ ನಮೂದಾಗಿದೆಯೆಂದೂ, ಅನೇಕ ಪ್ರದೇಶಗಳಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನೂ ತಗ್ಗಿಸಬೇಕಾದುದು ಅವಶ್ಯವೆಂದೂ ತಿಳಿಸಿತು. ನಿಯಂತ್ರಣವೇ ವ್ಯರ್ಥವಾಯಿತೆಂದು ಇದರ ಅರ್ಥವಲ್ಲ. ವಾಹನಗಳು ಎಷ್ಟೋ ಪಾಲು ಹೆಚ್ಚಿದರೂ ಲಾಸ್ ಏಂಜಲೀಸಿನ ಓಜೋನಿನ ಗರಿಷ್ಠ ಮಟ್ಟ 1950ರ ದಶಕದಲ್ಲಿದ್ದುದಕ್ಕಿಂತ ಬಹುವಾಗಿ ಇಳಿದಿದೆ. ಆ ಇಳಿತದಲ್ಲಿ ಯಾವ ಕಟ್ಟಳೆಯ ಪಾಲು ಎಷ್ಟೆಂಬುದನ್ನು ಮಾತ್ರ, ಸುರಂಗದ ಅಳತೆಗೆ ಹಿಂದಿನ ಪಟ್ಟಿಗಳನ್ನಷ್ಟೇ ನಂಬಿ ನಿರ್ಣಯಿಸಲು ಬಾರದು.