ಅಲ್ಪಾಯುಷ್ಯ ಮತ್ತು ಸಂತೃಪ್ತಿ: ಕನ್ನಡ ನಾಡಿನ ಕ್ರೈಸ್ತ ಇತಿಹಾಸದಿಂದ ಒಂದು ವಿಚಾರ

ವಿಜಯಪುರವು ಗೋರಿಗಳ ನಗರವೆಂದು ಪ್ರಸಿದ್ಧವಾದುದು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನಿಗೆ ಗೋಳಗುಮ್ಮಟ ದೊರೆಯಿತು. 1672ರಲ್ಲಿ ಮಡಿದ ಎರಡನೆಯ ಅಲಿ ಆದಿಲ್ ಶಾಹನ ಗೋರಿಯಾದರೋ ಬಾರಾಕಮಾನಿನ ಬರಿಯ ಕಮಾನುಗಳಲ್ಲಿಯೇ ನಿಂತುಹೋಯಿತು. ಕಟ್ಟಿಸುವವನ ಆಯುಷ್ಯ ತೀರಿದೊಡನೆ ಕಾರ್ಯವೂ ತೀರಿತು. ಆರಂಭಿಸಿದುದನ್ನು ಮುಗಿಸುವ ಮೊದಲೇ ಬಾಳು ಮುಗಿಯುವುದಾದರೆ ಮನುಷ್ಯನಿಗೆ ತೃಪ್ತಿಯು ಯಾವುದರಿಂದ ಉಂಟಾಗಬೇಕು? ಈ ಪ್ರಶ್ನೆಗೆ ನಮ್ಮ ನಾಡಿನ ಕ್ರೈಸ್ತ ಇತಿಹಾಸವು ಕೊಡುವ ಉತ್ತರವನ್ನು ಇಲ್ಲಿ ಪರಿಶೀಲಿಸುವೆವು.

ಸಂತ ಪೌಲನು ಫಿಲಿಪ್ಪಿಯವರಿಗೆ ಪತ್ರ ಬರೆದುದು ಸೆರೆಯಲ್ಲಿದ್ದಾಗ. ಸಂತೃಪ್ತಿಯು ತನಗೆ ಹುಟ್ಟಿನಿಂದ ಬಂದುದಲ್ಲ, ಕೊರತೆ ಸಮೃದ್ಧಿಗಳೆರಡರಲ್ಲಿಯೂ ತಾನು ಕಲಿತುಕೊಂಡುದು ಎಂಬುದು ಅದರಲ್ಲಿ ಅವನ ಅಭಿಪ್ರಾಯ. ಈ ಪಾಠವನ್ನು ಕನ್ನಡ ನಾಡಿನಲ್ಲಿ ಕಲಿಯಬೇಕಾಗಿ ಬಂದವರಲ್ಲಿ ಬಾಸೆಲ್ ಮಿಶನ್ನಿನವರು ಮುಖ್ಯರು. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಈ ಸಂಸ್ಥೆಯು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ ಎಂದು ಉತ್ತರಕ್ಕೆ ಸಾಗಿ 1885ರಲ್ಲಿ ವಿಜಯಪುರವನ್ನು ಮುಟ್ಟಿತು.

ಆ ಹೊತ್ತಿಗೆ ಅದರ ಮೊದಲ ಪೀಳಿಗೆಯ ಅನೇಕರು ಗತಿಸಿದ್ದರು. ಮೋಗ್ಲಿಂಗರ ಜೊತೆಗಾರರಾದ ಗಾಟ್‌ಫ್ರೀಡ್ ವೈಗ್ಲೆಯವರು 1840ರಲ್ಲಿ ಬಂದು, ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ದುಡಿದು, 1855ರಲ್ಲಿ ನಾಲ್ವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ಅನಂತರ ಆ ಪರಿಷ್ಕರಣವನ್ನು ಬೇರೆಯವರು ಮುಂದುವರಿಸಿದರು. 1853ರಲ್ಲಿ ಬಂದ ಕಿಟ್ಟೆಲರು ಏಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿದ ‘ಕಥಾಮಾಲೆ’ಯನ್ನು 1862ರಲ್ಲಿ ಪ್ರಕಟಿಸಿದರು, ಎರಡೇ ವರ್ಷಗಳಲ್ಲಿ ಪತ್ನಿಯನ್ನು ಕಳೆದುಕೊಂಡರು. ಆದರೂ ಅವರು ಕೈಬಿಡದ ಕೆಲಸವು ಸುಮಾರು 70,000 ಪದಗಳ ನಿಘಂಟಾಗಿ 1894ರಲ್ಲಿ ಹೊರಬಂದಿತು. ಬಾರಾಕಮಾನಿಗೂ ಬೈಬಲಿನ ಪರಿಷ್ಕರಣಕ್ಕೂ ಇರುವ ಭೇದವು ಇಲ್ಲಿಯೇ ಇದೆ. ಒಂದು, ಒಬ್ಬನ ಹೆಸರಿಗಾಗಿ ಎದ್ದುದರಿಂದ ಅವನೊಡನೆ ನಿಂತಿತು. ಇನ್ನೊಂದು, ಯಾರೊಬ್ಬರ ಸ್ವತ್ತೂ ಅಲ್ಲದ್ದರಿಂದ ಕೈಯಿಂದ ಕೈಗೆ ಸಾಗಿತು. ಕೆಲಸವು ದೇವರದು, ತನ್ನದು ಅದರ ಒಂದು ಭಾಗ ಮಾತ್ರ ಎಂದು ನಂಬಿದವನಿಗೆ ಅಪೂರ್ಣತೆಯು ಸೋಲಾಗಿ ತೋರುವುದಿಲ್ಲ. ಕ್ರೈಸ್ತನ ತೃಪ್ತಿಯು ಪರಲೋಕದ ನಿರೀಕ್ಷೆಯೊಂದರಿಂದಲೇ ಬಂದುದೆಂದು ಹೇಳುವವರು ಈ ಅಂಶವನ್ನು ಗಮನಿಸಬೇಕು.

ಆದರೆ ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದುವರಿಯಲಾಗದು. 1876–78ರ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರಾಂತದ ಅಸಂಖ್ಯ ಜನರು ಹಸಿವಿಗೆ ತುತ್ತಾದರು. ಅವರ ಆಯುಷ್ಯವನ್ನು ಮೊಟಕುಗೊಳಿಸಿದುದು ವಿಧಿಯೆಂದು ಸುಮ್ಮನಾಗುವುದು ನ್ಯಾಯವಲ್ಲ. ಮಳೆಯ ಅಭಾವದೊಡನೆ ಆಳುವವರ ಅಲಕ್ಷ್ಯವೂ ಕೂಡಿತ್ತು. ಹಸಿದವನಿಗೆ ತೃಪ್ತಿಯನ್ನು ಬೋಧಿಸುವುದು ಕ್ರೌರ್ಯವೇ ಸರಿ. ಪೌಲನು ತನ್ನ ಸಂಕಟದ ವಿಷಯದಲ್ಲಿ ತೃಪ್ತನಾಗಿದ್ದನೇ ಹೊರತು ಪರರ ಸಂಕಟದ ವಿಷಯದಲ್ಲಿ ಅಲ್ಲ. ಕ್ಷಾಮಪೀಡಿತರಾದ ಯೆರೂಸಲೇಮಿನ ಬಡವರಿಗಾಗಿ ಅವನು ಊರೂರುಗಳಲ್ಲಿ ಹಣ ಕೂಡಿಸಿದನು. ಈ ವಿವೇಕವನ್ನು ಮರೆತಲ್ಲಿ ಸಂತೃಪ್ತಿಯು ಉಳ್ಳವರ ಉಪದೇಶವಾಗಿಬಿಡುವುದು.

ಈ ವಿಚಾರವು ಒಂದೇ ಮತದ ಸೊತ್ತೆಂದು ನಾವು ಹೇಳೆವು. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಜನಿಸಿ 2023ರ ಜನವರಿ 2ರಂದು ದೇಹವಿಟ್ಟ ಸಿದ್ಧೇಶ್ವರ ಸ್ವಾಮಿಗಳು ತಮಗೆ ಸ್ಮಾರಕವನ್ನು ಕಟ್ಟಬಾರದೆಂದು ಬರೆದಿಟ್ಟಿದ್ದರು. ಗೋರಿಗಳ ನಗರದಿಂದ ತಿಕೋಟಾ ಬಬಲೇಶ್ವರಗಳತ್ತ ಹೊರಡುವ ವಿದ್ಯಾರ್ಥಿಯು ಕಟ್ಟಡಗಳೊಡನೆ, ಕಟ್ಟಡವಿಲ್ಲದೆ ಉಳಿದುಬಂದ ಇಂಥ ಬಾಳುಗಳನ್ನೂ ಇತಿಹಾಸದ ಆಧಾರಗಳೆಂದು ಎಣಿಸಲಿ. ಮುಗಿಸಲಾಗದ ಕೆಲಸವನ್ನು ನಂಬಿಕೆಯಿಂದ ಮತ್ತೊಬ್ಬರ ಕೈಗಿಡಬಲ್ಲವನೇ ಅಲ್ಪಾಯುಷ್ಯದಲ್ಲಿಯೂ ತೃಪ್ತನು ಎಂಬುದು ನಮ್ಮ ನಿರ್ಣಯ.